ಹಿರಿಯರ ಸಾವಿನ ಕಾರಣ: 'ಜ್ವರ' ಎಂಬ ಒಂದು ಶಬ್ದದ ಹಿಂದೆ

1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಗೆ ಸಂಸತ್ತು 2023ರಲ್ಲಿ ಮಾಡಿದ ತಿದ್ದುಪಡಿಯು ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಆ ಸಂದರ್ಭದಲ್ಲಿ ನಡೆದ ಚರ್ಚೆಯೆಲ್ಲ ಬಹುತೇಕ ಜನನ ಪ್ರಮಾಣಪತ್ರದ ಸುತ್ತಲೇ ಸುತ್ತಿತು. ಶಾಲೆಯ ಪ್ರವೇಶಕ್ಕೆ, ವಾಹನ ಚಾಲನೆಯ ಪರವಾನಗಿಗೆ, ಮತದಾರರ ಪಟ್ಟಿಗೆ ಇನ್ನು ಮುಂದೆ ಅದೇ ಆಧಾರವಾಗುವುದರಿಂದ ಇದು ಸಹಜವೂ ಹೌದು. ಆದರೆ ಅದೇ ತಿದ್ದುಪಡಿಯಲ್ಲಿ ಮರಣಕ್ಕೆ ಸಂಬಂಧಿಸಿದ ಒಂದು ವಿಧಿಯೂ ಇದೆ. ಆಸ್ಪತ್ರೆಯಲ್ಲಿ ಯಾರಾದರೂ ತೀರಿಕೊಂಡರೆ, ಸಾವಿನ ಕಾರಣವನ್ನು ತಿಳಿಸುವ ವೈದ್ಯರ ಪ್ರಮಾಣಪತ್ರವನ್ನು ಶುಲ್ಕವಿಲ್ಲದೆ ನೋಂದಣಾಧಿಕಾರಿಗೆ ಕಳುಹಿಸಿ, ಅದರ ಒಂದು ಪ್ರತಿಯನ್ನು ಮೃತರ ಹತ್ತಿರದ ಸಂಬಂಧಿಗೂ ಕೊಡಬೇಕು ಎಂಬುದೇ ಆ ವಿಧಿ. ಇದರ ಬಗ್ಗೆ ನಮ್ಮ ಕುಟುಂಬಗಳಲ್ಲಿ ಮಾತು ನಡೆದದ್ದು ಕಡಿಮೆ.

ಈ ವಿಧಿಯ ಬೆಲೆ ಏನೆಂಬುದನ್ನು ತಿಳಿಯಬೇಕಾದರೆ ನಮ್ಮ ಹಿರಿಯರ ಸಾವಿನ ಕಾರಣವನ್ನು ಹುಡುಕಲು ಹೊರಟವರನ್ನು ಕೇಳಬೇಕು. ಮನೆತನದ ವಂಶವೃಕ್ಷವನ್ನು ಬರೆದಿಡುವ ಆಸಕ್ತಿ ನಮ್ಮ ಯುವಜನರಲ್ಲಿ ಬೆಳೆಯುತ್ತಿರುವುದು ಸಂತೋಷದ ಸಂಗತಿ. ಹೆಸರು ಸಿಗುತ್ತದೆ, ಜ್ಞಾನಸ್ನಾನದ ದಿನಾಂಕ ಸಿಗುತ್ತದೆ, ಮದುವೆಯ ಸಾಕ್ಷಿಗಳ ಹೆಸರೂ ಸಿಗುತ್ತದೆ. ಆದರೆ 'ಮುತ್ತಜ್ಜ ಯಾವುದರಿಂದ ತೀರಿಕೊಂಡರು?' ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಸಿಕ್ಕರೂ ಅದು 'ಜ್ವರ' ಎಂಬ ಒಂದೇ ಶಬ್ದವಾಗಿರುತ್ತದೆ. ಆ ಶಬ್ದವನ್ನು ಓದುವ ಬಗೆ ಹೇಗೆ, ತಪ್ಪಾಗಿ ಓದಿದರೆ ಯಾರಿಗೆ ಅನ್ಯಾಯವಾಗುತ್ತದೆ ಎಂಬುದನ್ನು ಈ ವಾರ ವಿಚಾರ ಮಾಡೋಣ.

ಕಲ್ಲಿನಿಂದ ಕಾಗದಕ್ಕೆ

ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನ ಆಡೂರು ಬಾದಾಮಿ ಚಾಲುಕ್ಯರ ಕಾಲದ ಶಾಸನದಿಂದಾಗಿ ಇತಿಹಾಸಜ್ಞರಿಗೆ ಪರಿಚಿತವಾದ ಗ್ರಾಮ. ಈ ಸೀಮೆಯ ಊರುಗಳಲ್ಲಿ ವೀರಗಲ್ಲುಗಳಿಗೆ ಕೊರತೆಯಿಲ್ಲ. ತುರುಗಳನ್ನು ಬಿಡಿಸುವ ಕಾಳಗದಲ್ಲಿ ಒಬ್ಬ ಮಡಿದ, ಊರಿನ ಮೇಲೆ ಬಿದ್ದ ದಾಳಿಯನ್ನು ತಡೆಯುತ್ತ ಮತ್ತೊಬ್ಬ ಮಡಿದ ಎಂದು ಅವು ಚಿತ್ರಸಹಿತ ಹೇಳುತ್ತವೆ. ಒಂದು ದೃಷ್ಟಿಯಿಂದ ನೋಡಿದರೆ ನಮ್ಮ ನಾಡಿನಲ್ಲಿ ಸಾವಿನ ಕಾರಣವನ್ನು ದಾಖಲಿಸಿದ ಅತ್ಯಂತ ಹಳೆಯ ಪುರಾವೆಗಳಲ್ಲಿ ಇವೂ ಸೇರುತ್ತವೆ. ಆದರೆ ಹೋರಾಡಿ ಸತ್ತವನಿಗೆ ಕಲ್ಲು ನಿಂತಿತು; ಚಳಿಜ್ವರದಿಂದ ಸತ್ತ ಕೂಲಿಯವನಿಗೆ, ಹೆರಿಗೆಯಲ್ಲಿ ಕಣ್ಣು ಮುಚ್ಚಿದ ತಾಯಿಗೆ ನಿಲ್ಲಲಿಲ್ಲ. ಸಾಮಾನ್ಯರ ಸಾವು ಬರಹಕ್ಕೆ ಬಂದದ್ದು ತೀರ ಈಚೆಗೆ, ಅದೂ ಎರಡು ಬಗೆಯ ಪುಸ್ತಕಗಳಲ್ಲಿ. ಒಂದು ಧರ್ಮಕೇಂದ್ರದ ಪುಸ್ತಕ, ಇನ್ನೊಂದು ಸರ್ಕಾರದ ಪುಸ್ತಕ.

ಈ ಎರಡನ್ನೂ ಹುಡುಕುವವರು ಮೊದಲು ಆಡಳಿತದ ಹಳೆಯ ಹೆಸರುಗಳನ್ನು ತಿಳಿದಿರಬೇಕು. ಬ್ರಿಟಿಷರ ಕಾಲದಲ್ಲಿ ಹಾನಗಲ್ಲ ತಾಲೂಕು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಇಂದಿನ ಹಿರೇಕೆರೂರು ತಾಲೂಕು ಕೋಡ ಎಂಬ ಹೆಸರಿನಲ್ಲಿಯೂ, ಶಿಗ್ಗಾವಿ ತಾಲೂಕು ಬಂಕಾಪುರ ಎಂಬ ಹೆಸರಿನಲ್ಲಿಯೂ, ಹಾವೇರಿ ತಾಲೂಕು ಕರಜಗಿ ಎಂಬ ಹೆಸರಿನಲ್ಲಿಯೂ ಇದ್ದವು. ಸವಣೂರು 1948ರವರೆಗೆ ನವಾಬರ ಪ್ರತ್ಯೇಕ ಸಂಸ್ಥಾನವಾಗಿತ್ತು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಚರ್ಚಿನ ಆಡಳಿತದಲ್ಲಿಯೂ ಹೀಗೆಯೇ. ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1953ರಲ್ಲಿ. ಅದರ ಪ್ರದೇಶ ಅಲ್ಲಿಯವರೆಗೆ ಗೋವಾ ಮಹಾಧರ್ಮಪ್ರಾಂತ್ಯಕ್ಕೂ ಪುಣೆ ಧರ್ಮಪ್ರಾಂತ್ಯಕ್ಕೂ ಹಂಚಿಕೊಂಡಿತ್ತು. ಆದಕಾರಣ ಒಂದೇ ಮನೆತನದ ಮೂರು ತಲೆಮಾರಿನ ದಾಖಲೆಗಳು ಮೂರು ಕಡೆ ಚದುರಿರುವ ಸಂಭವವುಂಟು.

ಮೃತರ ಪುಸ್ತಕ ಹೇಳುವುದೇನು?

ಪ್ರತಿ ಧರ್ಮಕೇಂದ್ರವೂ ಮೃತರ ಪುಸ್ತಕವೊಂದನ್ನು ಇಡಬೇಕೆಂದು 1614ರ ರೋಮನ್ ವಿಧಿಗ್ರಂಥವು ಗೊತ್ತುಪಡಿಸಿತು. 1917ರ ಧರ್ಮಸಭೆಯ ಕಾನೂನು ಸಂಹಿತೆಯು ಅದರಲ್ಲಿ ಏನನ್ನು ಬರೆಯಬೇಕೆಂಬುದನ್ನೂ ಹೇಳಿತು: ಮೃತರ ಹೆಸರು ಮತ್ತು ವಯಸ್ಸು, ತಂದೆತಾಯಿಯರ ಅಥವಾ ಪತಿ ಇಲ್ಲವೆ ಪತ್ನಿಯ ಹೆಸರು, ಸಾವಿನ ಸಮಯ, ಯಾವ ಸಂಸ್ಕಾರಗಳನ್ನು ಯಾರು ನೀಡಿದರು, ಸಮಾಧಿ ಮಾಡಿದ ಸ್ಥಳ ಮತ್ತು ದಿನ. ಈ ಪಟ್ಟಿಯಲ್ಲಿ ರೋಗದ ಹೆಸರಿಲ್ಲ ಎಂಬುದನ್ನು ಗಮನಿಸಬೇಕು. ಕೆಲವು ಧರ್ಮಗುರುಗಳು ತಾವಾಗಿ ಬರೆದಿಟ್ಟರು, ಹಲವರು ಬರೆಯಲಿಲ್ಲ. ಬರೆಯದಿದ್ದುದು ಅವರ ಅಲಕ್ಷ್ಯವಲ್ಲ. ಆ ಪುಸ್ತಕದ ಉದ್ದೇಶವೇ ಬೇರೆಯಾಗಿತ್ತು.

ಹಾಗೆಂದು ಆ ಪುಸ್ತಕ ಸಾವಿನ ಕಾರಣದ ಬಗ್ಗೆ ಮೂಕವೆಂದು ಭಾವಿಸಬೇಕಾಗಿಲ್ಲ. ಪಾಪನಿವೇದನೆ, ಪರಮಪ್ರಸಾದ, ಅಂತಿಮ ಅಭ್ಯಂಗ ಈ ಮೂರನ್ನೂ ಪಡೆದು ತೀರಿಕೊಂಡರು ಎಂದಿದ್ದರೆ, ರೋಗಿಯು ಕೆಲವು ದಿನಗಳಾದರೂ ಹಾಸಿಗೆ ಹಿಡಿದಿದ್ದರು, ಗುರುಗಳಿಗೆ ಹೇಳಿಕಳುಹಿಸಲು ಮನೆಯವರಿಗೆ ಸಮಯವಿತ್ತು ಎಂದು ಊಹಿಸಬಹುದು. ಅಭ್ಯಂಗ ಮಾತ್ರ ಎಂದಿದ್ದರೆ ಗುರುಗಳು ಬರುವ ವೇಳೆಗೆ ಪ್ರಜ್ಞೆ ತಪ್ಪಿದ್ದಿರಬಹುದು. ಸಂಸ್ಕಾರವಿಲ್ಲದೆ, ಹಠಾತ್ತಾಗಿ ಎಂದು ಲ್ಯಾಟಿನ್ನಿನಲ್ಲಿಯೋ ಪೋರ್ಚುಗೀಸಿನಲ್ಲಿಯೋ ಬರೆದಿದ್ದರೆ ಅದು ಅಪಘಾತ, ಹಾವಿನ ಕಡಿತ, ಹೃದಯದ ಬೇನೆ ಅಥವಾ ಕೆಲವೇ ಗಂಟೆಗಳಲ್ಲಿ ಮುಗಿಸಿಬಿಡುತ್ತಿದ್ದ ಕಾಲರಾ ಆಗಿರಬಹುದು. ಗುರುಗಳು ಇಪ್ಪತ್ತು ಮೂವತ್ತು ಮೈಲಿಯಾಚೆ ಇದ್ದ ಊರುಗಳಲ್ಲಿ ದೂರವೇ ಕಾರಣವಾಗಿರಲೂಬಹುದು. ಆದ್ದರಿಂದ ಇವು ಸೂಚನೆಗಳೇ ಹೊರತು ತೀರ್ಪುಗಳಲ್ಲ.

ಇನ್ನೊಂದು ಉಪಾಯವಿದೆ. ಯುವತಿಯೊಬ್ಬಳ ಸಾವಿನ ದಿನಾಂಕ ಸಿಕ್ಕಾಗ ಜ್ಞಾನಸ್ನಾನದ ಪುಸ್ತಕವನ್ನೂ ತೆರೆದು ನೋಡಬೇಕು. ಸಾವಿಗೆ ಹತ್ತು ಹದಿನೈದು ದಿನ ಮುಂಚೆ ಅವಳ ಮಗುವಿಗೆ ಜ್ಞಾನಸ್ನಾನವಾಗಿದ್ದರೆ, ದಾಖಲೆಯಲ್ಲಿ 'ಜ್ವರ' ಎಂದಿದ್ದರೂ ಅದು ಬಾಣಂತಿ ಸನ್ನಿಯಾಗಿದ್ದಿರುವ ಸಾಧ್ಯತೆಯೇ ಹೆಚ್ಚು. ಪುಸ್ತಕಗಳನ್ನು ಬಿಡಿಬಿಡಿಯಾಗಿ ಓದಿದಾಗ ಕಾಣದ ಸಂಗತಿ ಜೊತೆಗಿಟ್ಟು ಓದಿದಾಗ ಕಾಣುತ್ತದೆ.

ಸರ್ಕಾರದ ಎಂಟು ಖಾನೆಗಳು

ಹಳ್ಳಿಗಳಲ್ಲಿ ಸಾವುಗಳನ್ನು ಸರ್ಕಾರಕ್ಕೆ ವರದಿ ಮಾಡುವ ಹೊಣೆ ಗ್ರಾಮಾಧಿಕಾರಿಗಳ ಮೇಲಿತ್ತು. ಅವರು ವೈದ್ಯರಲ್ಲ. ಮನೆಯವರು ಹೇಳಿದ್ದನ್ನು, ಊರವರು ಆಡಿಕೊಂಡದ್ದನ್ನು ಕೇಳಿ ಬರೆದರು. ಆಗಿನ ಆರೋಗ್ಯ ವರದಿಗಳಲ್ಲಿ ಸಾವಿನ ಕಾರಣಗಳನ್ನು ಕೆಲವೇ ಖಾನೆಗಳಲ್ಲಿ ಹಾಕುತ್ತಿದ್ದರು: ಕಾಲರಾ, ಸಿಡುಬು, ಪ್ಲೇಗು, ಜ್ವರ, ಅತಿಸಾರ ಮತ್ತು ರಕ್ತಭೇದಿ, ಶ್ವಾಸರೋಗ, ಗಾಯ, ಇತರೆ. ವಾಂತಿಭೇದಿಯನ್ನು, ಸಿಡುಬನ್ನು ಯಾರು ಬೇಕಾದರೂ ಗುರುತಿಸಬಲ್ಲರು. ಉಳಿದದ್ದೆಲ್ಲ ಹೆಚ್ಚಾಗಿ ಜ್ವರದ ಖಾನೆಗೆ ಹೋಗಿ ಬಿತ್ತು. ಮೈ ಬಿಸಿಯಾಗದೆ ಸಾಯುವ ರೋಗಗಳು ಕಡಿಮೆ ತಾನೆ?

ಹೀಗಾಗಿ ಜ್ವರ ಎಂಬುದು ರೋಗದ ಹೆಸರಾಗಿರಲಿಲ್ಲ, ಅದೊಂದು ಚೀಲವಾಗಿತ್ತು. ಮಲೇರಿಯ, ವಿಷಮಶೀತ ಜ್ವರ, ಇನ್‌ಫ್ಲುಯೆಂಜಾ, ಕ್ಷಯ, ಬಾಣಂತಿ ಸನ್ನಿ ಎಲ್ಲವೂ ಅದರೊಳಗೆ ಸೇರಿದವು. ಬರಗಾಲದ ಹಸಿವೂ ಇದರೊಳಗೆ ಅಡಗಿತು. ಧಾತು, ಈಶ್ವರ ಸಂವತ್ಸರಗಳ, ಅಂದರೆ 1876ರಿಂದ 1878ರವರೆಗಿನ ಮಹಾ ಬರದಲ್ಲಿ ಧಾರವಾಡ ಸೀಮೆಯೂ ನಲುಗಿತು. ಅಂಥ ಬರಗಾಲಗಳಲ್ಲಿ ಅನ್ನವಿಲ್ಲದೆ ಕೃಶರಾದವರ ಸಾವು ಜ್ವರ, ಭೇದಿ, ಕಾಲರಾ ಎಂಬ ಹೆಸರುಗಳಲ್ಲಿ ದಾಖಲಾಗುತ್ತಿತ್ತು. ರೋಗದ ಹೆಸರು ಸುಳ್ಳಲ್ಲ, ಆದರೆ ಮೂಲ ಕಾರಣ ಅಲ್ಲಿಲ್ಲ.

ಹಾನಗಲ್ಲ ಸೀಮೆಯಲ್ಲಿ 'ಜ್ವರ' ಎಂದಾಗ ಮೊದಲು ನೆನೆಯಬೇಕಾದದ್ದು ಮಲೇರಿಯವನ್ನು. ಮಲೆನಾಡಿನ ಅಂಚಿನಲ್ಲಿರುವ, ಕೆರೆ ಮತ್ತು ಭತ್ತದ ಗದ್ದೆಗಳಿರುವ ಈ ಭಾಗದಲ್ಲಿ ಮಳೆ ನಿಂತ ಮೇಲೆ ಚಳಿಜ್ವರ ಏಳುವುದು ವರ್ಷವರ್ಷದ ಮಾತಾಗಿತ್ತು. ಮಲೇರಿಯವನ್ನು ಸೊಳ್ಳೆ ಹರಡುತ್ತದೆ ಎಂಬುದಕ್ಕೆ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಪುರಾವೆ ಕಂಡದ್ದು 1897ರಲ್ಲಿ. ಮುಂಬಯಿ ಪ್ರಾಂತ್ಯದಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮನೆಮನೆಯ ಗೋಡೆಗೆ ಡಿ.ಡಿ.ಟಿ. ಸಿಂಪಡಿಸಿ ಗ್ರಾಮೀಣ ಮಲೇರಿಯವನ್ನು ಹತೋಟಿಗೆ ತರುವ ಕಾರ್ಯ 1946ರ ಸುಮಾರಿಗೆ ನಡೆದಾಗ, ಅದಕ್ಕೆ ಆಯ್ಕೆಯಾದವು ಧಾರವಾಡ ಮತ್ತು ಕೆನರಾ ಜಿಲ್ಲೆಗಳು. ದೇಶವ್ಯಾಪಿ ನಿಯಂತ್ರಣ ಕಾರ್ಯಕ್ರಮ 1953ರಲ್ಲಿ ಬರುವುದಕ್ಕೆ ಮುಂಚೆಯೇ ಈ ಜಿಲ್ಲೆಗಳು ಆಯ್ಕೆಯಾದದ್ದು ಇಲ್ಲಿನ ರೋಗದ ಉಪದ್ರವಕ್ಕೆ ಸಾಕ್ಷಿ. ಆಡೂರಿನಂಥ ಊರಿನಲ್ಲಿ ಅದಕ್ಕೆ ಹಿಂದೆ ಮಳೆಗಾಲದ ಕೊನೆಯ ಒಂದು ಸಾವು 'ಜ್ವರ' ಎಂದು ದಾಖಲಾಗಿದ್ದರೆ ಮಲೇರಿಯದ ಸಂಶಯಕ್ಕೆ ಆಧಾರವುಂಟು.

ಆದರೆ ವರ್ಷವನ್ನೂ ನೋಡಬೇಕು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿಯನ್ನು ತೀವ್ರವಾಗಿ ಬಾಧಿಸಿತು. ಹಾಫ್ಕಿನ್ ಕಂಡುಹಿಡಿದ ಲಸಿಕೆಯನ್ನು ಅಲ್ಲಿ ಸಹಸ್ರಾರು ಜನರಿಗೆ ಚುಚ್ಚಲಾಯಿತು. ಪ್ಲೇಗಿನ ವರ್ಷಗಳಲ್ಲಿ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಅಲ್ಲಿ ಸತ್ತವರನ್ನು ಅಲ್ಲಿಯೇ ಹೂಳಿದ್ದೂ ಉಂಟು. ಆ ಕಾಲದ ಹಿರಿಯರೊಬ್ಬರ ಸಮಾಧಿ ಊರಿನ ಸಮಾಧಿ ಭೂಮಿಯಲ್ಲಿ ಕಾಣದಿದ್ದರೆ, ಅವರನ್ನು ಮನೆಯವರು ಕಡೆಗಣಿಸಿದರೆಂದು ತಿಳಿಯುವ ಮುನ್ನ ಇದನ್ನು ನೆನೆಯಬೇಕು.

ಅನಂತರ ಬಂದದ್ದು 1918ರ ಇನ್‌ಫ್ಲುಯೆಂಜಾ. ಆ ವರ್ಷದ ಅಕ್ಟೋಬರ್ 6ರಂದು ಮುಂಬಯಿ ನಗರವೊಂದರಲ್ಲೇ 768 ಜನ ತೀರಿಕೊಂಡರು. ದೇಶದಲ್ಲಿ ಸತ್ತವರು ಕೋಟಿಗೂ ಮೀರಿದರು. 1911ರಿಂದ 1921ರವರೆಗಿನ ದಶಕದಲ್ಲಿ ಭಾರತದ ಜನಸಂಖ್ಯೆ ಹೆಚ್ಚುವ ಬದಲು ತುಸು ಇಳಿಯಿತೆಂಬುದು ಜನಗಣತಿಯಿಂದ ಗೊತ್ತಾಗುತ್ತದೆ. ಸರ್ಕಾರದ ಖಾನೆಗಳಲ್ಲಿ ಇನ್‌ಫ್ಲುಯೆಂಜಾಕ್ಕೆ ಜಾಗವಿರಲಿಲ್ಲ. ಈ ಸಾವುಗಳೂ ಬಹುಪಾಲು ಜ್ವರದಲ್ಲಿ, ಕೆಲವು ಶ್ವಾಸರೋಗದಲ್ಲಿ ಸೇರಿದವು. ಮುದುಕರಿಗಿಂತಲೂ ಇಪ್ಪತ್ತರಿಂದ ನಲವತ್ತರ ಪ್ರಾಯದ ಗಟ್ಟಿಮುಟ್ಟಾದವರನ್ನು ಅದು ಹೆಚ್ಚಾಗಿ ಒಯ್ದಿತು.

ಹೆಸರೇ ಇಲ್ಲದ ರೋಗಗಳೂ ಇದ್ದವು. ಹಾನಗಲ್ಲಕ್ಕೆ ಹೊಂದಿಕೊಂಡಿರುವ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆಯನ್ನು ಗುರುತಿಸಿದ್ದು 1957ರಲ್ಲಿ. ಅದಕ್ಕೆ ಮುಂಚೆ ಕಾಡಿಗೆ ಸೌದೆಗೆ ಹೋಗಿ ಬಂದು ಜ್ವರದಿಂದ ಸತ್ತವರ ಬಗ್ಗೆ ಅಂದಿನವರು 'ಜ್ವರ' ಎನ್ನದೆ ಇನ್ನೇನೆಂದು ಬರೆಯಬಹುದಿತ್ತು?

ಕಾಲ್ಗುಣವೂ ವಂಶದ ದೋಷವೂ

ಇಷ್ಟೆಲ್ಲ ವಿವರದಿಂದ ಏನು ಪ್ರಯೋಜನ, ಸತ್ತವರು ಎದ್ದು ಬರುತ್ತಾರೆಯೆ ಎಂದು ಕೇಳುವವರಿದ್ದಾರೆ. ಪ್ರಯೋಜನವಿದೆ. ದಾಖಲೆ ಹೇಳದ್ದನ್ನು ಊರಿನ ನಾಲಿಗೆ ಹೇಳಿತು. ಆ ಮಾತು ಮನೆತನಗಳಲ್ಲಿ ಇನ್ನೂ ಉಳಿದಿದೆ.

1918ರ ಬೇಸಗೆಯಲ್ಲಿ ಮದುವೆಯಾಗಿ ಬಂದ ಸೊಸೆಯೊಬ್ಬಳನ್ನು ಊಹಿಸಿಕೊಳ್ಳೋಣ. ಅದೇ ಅಕ್ಟೋಬರಿನಲ್ಲಿ ಗಂಡನೂ ಮೈದುನನೂ ವಾರದೊಳಗೆ ತೀರಿಕೊಂಡರು. 'ಅವಳ ಕಾಲ್ಗುಣ ಸರಿಯಿಲ್ಲ' ಎಂಬ ಒಂದು ಮಾತು ಅವಳ ಉಳಿದ ಬಾಳನ್ನೆಲ್ಲ ಸುಟ್ಟುಬಿಡಲು ಸಾಕಿತ್ತು. ಇಂಥ ವಿಧವೆಯರು ನಮ್ಮ ಸಮುದಾಯದಲ್ಲಿಯೂ ಇದ್ದರು ಎಂಬುದನ್ನು ಒಪ್ಪಿಕೊಳ್ಳಲು ಸಂಕೋಚಪಡಬೇಕಾಗಿಲ್ಲ. ಇಂದು ಮೊಮ್ಮಕ್ಕಳು ಮೃತರ ಪುಸ್ತಕದಲ್ಲಿ ಆ ಒಂದು ಹೆಸರನ್ನು ಮಾತ್ರ ನೋಡದೆ, ಆ ತಿಂಗಳ ಇಡೀ ಪುಟವನ್ನು ನೋಡಿದರೆ, ಅಲ್ಲಿ ಸಾಲುಸಾಲಾಗಿ ಪ್ರಾಯದವರ ಹೆಸರುಗಳೇ ಇರುವುದು ಕಂಡೀತು. ಸಾವು ಒಬ್ಬ ಸೊಸೆಯ ಹಿಂದೆ ಬಂದದ್ದಲ್ಲ, ಲೋಕಕ್ಕೆಲ್ಲ ಬಂದದ್ದು ಎಂದು ಆ ಪುಟವೇ ಹೇಳುತ್ತದೆ.

ಕ್ಷಯದ ವಿಷಯವೂ ಹೀಗೆಯೇ. ಅದು ಸೂಕ್ಷ್ಮಜೀವಿಯಿಂದ ಬರುವ ರೋಗವೆಂದು ರಾಬರ್ಟ್ ಕಾಖ್ 1882ರಲ್ಲಿಯೇ ತೋರಿಸಿಕೊಟ್ಟಿದ್ದರೂ 'ಕ್ಷಯದ ಮನೆ' ಎಂಬ ಹಣೆಪಟ್ಟಿ ಬಹುಕಾಲ ಉಳಿಯಿತು. ಅಂಥ ಮನೆಯಿಂದ ಹೆಣ್ಣು ತರುವುದಕ್ಕೆ, ಅಲ್ಲಿಗೆ ಹೆಣ್ಣು ಕೊಡುವುದಕ್ಕೆ ಹಿಂಜರಿದರು. ಒಂದೇ ಕೋಣೆಯಲ್ಲಿ ಮಲಗುವವರಿಗೆ ಗಾಳಿಯಿಂದ ಹರಡಿದ ರೋಗವನ್ನು ರಕ್ತದ ದೋಷವೆಂದು ತಿಳಿದರು. ಈ ಭಯದಿಂದಲೇ ಮನೆಯವರು ಕ್ಷಯವೆಂದು ಹೇಳದೆ 'ಕೆಮ್ಮು', 'ದಮ್ಮು', 'ಜ್ವರ' ಎಂದು ಬರೆಸಿದ್ದೂ ಉಂಟು. ಆತ್ಮಹತ್ಯೆಯ ಸಂಗತಿ ಇನ್ನೂ ಸೂಕ್ಷ್ಮವಾದದ್ದು. ಬುದ್ಧಿಪೂರ್ವಕವಾಗಿ ಜೀವ ಕಳೆದುಕೊಂಡವರಿಗೆ 1917ರ ಸಂಹಿತೆಯು ಧಾರ್ಮಿಕ ಸಮಾಧಿಯನ್ನು ನಿರಾಕರಿಸಿತ್ತು. 1983ರ ಸಂಹಿತೆಯಲ್ಲಿ ಆ ಮಾತನ್ನು ಕೈಬಿಡಲಾಗಿದೆ. ಹಿಂದಿನ ಪುಸ್ತಕದಲ್ಲಿ ಒಂದು ಹೆಸರೇ ಇಲ್ಲದಿರುವುದಕ್ಕೆ, ಅಥವಾ 'ಹೊಟ್ಟೆನೋವು' ಎಂದಿರುವುದಕ್ಕೆ ಇಂಥದೊಂದು ದುಃಖ ಕಾರಣವಾಗಿರಬಹುದು. ಇಲ್ಲವೆ ನಿಜವಾಗಿಯೂ ಹೊಟ್ಟೆನೋವೇ ಆಗಿರಬಹುದು. ಪುರಾವೆಯಿಲ್ಲದೆ ಯಾವುದನ್ನೂ ಆರೋಪಿಸಬಾರದು.

ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಯಾರ ಪಾಪದ ಫಲ, ಇವನದೋ ಹೆತ್ತವರದೋ ಎಂದು ಕೇಳಿದಾಗ ಯೇಸುಸ್ವಾಮಿ ಎರಡನ್ನೂ ಅಲ್ಲಗಳೆದ ಪ್ರಸಂಗ ಯೊವಾನ್ನರ ಶುಭಸಂದೇಶದ 9ನೆಯ ಅಧ್ಯಾಯದಲ್ಲಿದೆ. ಸಿಲೋವಾಮಿನ ಗೋಪುರ ಕುಸಿದು ಸತ್ತವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳಲ್ಲವೆಂಬ ಮಾತು ಲೂಕರ ಶುಭಸಂದೇಶದ 13ನೆಯ ಅಧ್ಯಾಯದಲ್ಲಿದೆ. ಹಿರಿಯರ ಸಾವನ್ನು ವಿಚಾರಿಸುವಾಗ ನಮ್ಮ ಮನೋಭಾವ ಹೇಗಿರಬೇಕೆಂಬುದಕ್ಕೆ ಇವೆರಡು ಸಾಕು.

ಇಂದಿನ 'ಜ್ವರ'

ನಮ್ಮ ಕಾಲ ಇದಕ್ಕಿಂತ ಮುಂದೆ ಬಂದಿದೆಯೆ? ಬಂದಿದೆ, ಆದರೆ ನಾವು ನೆನೆದಷ್ಟಲ್ಲ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದು ಶೇಕಡಾ 22.5ರಷ್ಟನ್ನು ಮಾತ್ರ ಎಂದು ಸರ್ಕಾರದ ವರದಿಯೇ ಹೇಳುತ್ತದೆ. ಹಳ್ಳಿಯ ಮನೆಯಲ್ಲಿ ಸತ್ತವರ ವಿಷಯದಲ್ಲಿ ಇಂದಿಗೂ ನಾವು ಹೇಳುವುದು 'ಹಾರ್ಟ್ ಅಟ್ಯಾಕ್ ಆಯಿತು' ಎಂದು. ಬಹಳ ಸಲ ಅದರ ಅರ್ಥ, ಏನಾಯಿತೋ ಗೊತ್ತಿಲ್ಲ ಎಂದಷ್ಟೇ. ಅಂದು ಜ್ವರ ಹೊತ್ತಿದ್ದ ಭಾರವನ್ನು ಇಂದು ಹೃದಯ ಹೊತ್ತಿದೆ. ಹೃದಯ ನಿಂತಿತು ಎಂಬುದು ಸಾವಿನ ಲಕ್ಷಣವೇ ಹೊರತು ಕಾರಣವಲ್ಲ. ಆದುದರಿಂದಲೇ ವೈದ್ಯರ ನಮೂನೆಯಲ್ಲಿ ತಕ್ಷಣದ ಕಾರಣ, ಅದಕ್ಕೆ ಎಡೆಮಾಡಿಕೊಟ್ಟ ರೋಗ, ಎಲ್ಲಕ್ಕೂ ಮೂಲವಾದ ರೋಗ ಎಂದು ಮೆಟ್ಟಿಲು ಮೆಟ್ಟಿಲಾಗಿ ಬರೆಯುವ ವ್ಯವಸ್ಥೆಯಿದೆ.

ಕೊರೊನಾ ಕಾಲದಲ್ಲಿ ಈ ಪ್ರಶ್ನೆ ಮನೆಬಾಗಿಲಿಗೇ ಬಂದಿತು. ಸರ್ವೋಚ್ಚ ನ್ಯಾಯಾಲಯದ ಆದೇಶದ ಮೇರೆಗೆ 2021ರಲ್ಲಿ, ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ 50,000 ರೂಪಾಯಿ ಪರಿಹಾರ ನಿಗದಿಯಾದಾಗ, ಕಾರಣವನ್ನು ತೋರಿಸುವ ಕಾಗದವಿಲ್ಲದ ಕುಟುಂಬಗಳು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು. ಸಾವಿನ ಕಾರಣವೆಂಬುದು ಇತಿಹಾಸದ ಕುತೂಹಲ ಮಾತ್ರವಲ್ಲ, ಅನ್ನದ ಪ್ರಶ್ನೆಯೂ ಹೌದೆಂದು ಆಗ ತಿಳಿಯಿತು. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದರ ಹಿಂದೆಯೂ ಇದೇ ಅರಿವಿದೆ. ಎಣಿಕೆಗೆ ಸಿಗದ ಸಾವಿಗೆ ಔಷಧವೂ ಸಕಾಲಕ್ಕೆ ಒದಗುವುದಿಲ್ಲ.

ಇಲ್ಲೊಂದು ಮುಖ್ಯ ಸಂಗತಿಯನ್ನು ಓದುಗರು ಗಮನಿಸಬೇಕು. ನೋಂದಣಾಧಿಕಾರಿಯು ನಮಗೆ ಕೊಡುವ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದಿಲ್ಲ. ಮೃತರ ಮಾನವನ್ನು ಕಾಯುವ ಸದುದ್ದೇಶದಿಂದ ಕಾಯ್ದೆಯೇ ಅದನ್ನು ನಿರ್ಬಂಧಿಸಿದೆ. ಆಸ್ತಿಗೆ, ಬ್ಯಾಂಕಿಗೆ, ವಿಮೆಗೆ ಎಂದು ನಾವು ಜೋಪಾನವಾಗಿಡುವ ಆ ಪತ್ರದಿಂದ ನಮ್ಮ ಮರಿಮಕ್ಕಳಿಗೆ ಕಾರಣ ತಿಳಿಯದು. ತಿಳಿಯುವುದು ಆಸ್ಪತ್ರೆಯ ವೈದ್ಯರು ಬರೆದ ಪತ್ರದಿಂದ ಮಾತ್ರ. 2023ರ ತಿದ್ದುಪಡಿಯು ಅದರ ಪ್ರತಿಯನ್ನು ನಮ್ಮ ಕೈಗೆ ಕೊಡುವಂತೆ ಹೇಳಿರುವುದರಿಂದ, ದುಃಖದ ಗಡಿಬಿಡಿಯಲ್ಲಿಯೂ ಮನೆಯ ಒಬ್ಬರು ಅದನ್ನು ಕೇಳಿ ಪಡೆಯಬೇಕು. ಮನೆಯಲ್ಲಿ ಸಾವಾದರೂ, ಕೊನೆಯ ಕಾಯಿಲೆಯಲ್ಲಿ ನೋಡಿದ ವೈದ್ಯರಿಂದ ಇಂಥ ಪತ್ರವನ್ನು ಪಡೆಯಲು ಅವಕಾಶವಿದೆ. ಸಾವನ್ನು 21 ದಿನಗಳೊಳಗೆ ನೋಂದಾಯಿಸುವುದನ್ನಂತೂ ಮರೆಯಬಾರದು.

ನಾವು ಮಾಡಬಹುದಾದದ್ದು

ನವೆಂಬರ್ ತಿಂಗಳಲ್ಲಿ ನಾವು ಮೃತರ ಹೆಸರುಗಳ ಪಟ್ಟಿಯನ್ನು ಬಲಿಪೂಜೆಗಾಗಿ ಬರೆದುಕೊಡುತ್ತೇವೆ. ಆ ಪಟ್ಟಿಯನ್ನು ಬರೆಯುವಾಗಲೇ ಮನೆಯ ಹಿರಿಯರನ್ನು ಕೂರಿಸಿಕೊಂಡು ಪ್ರತಿ ಹೆಸರಿನ ಮುಂದೆ ಅವರಿಗೆ ಗೊತ್ತಿರುವಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಬಹುದು. ಹಿರಿಯರು ಇಸವಿ ಹೇಳಲಾರದೆ 'ಪ್ಲೇಗಿನ ವರ್ಷ' ಎಂದರೆ ಹಾಗೆಯೇ ಬರೆಯಬೇಕು. ಅವರು 'ಸನ್ನಿ' ಎಂದರೆ ಸನ್ನಿ ಎಂದೇ ಬರೆಯಬೇಕು. ನಾವು ಅದನ್ನು ಇಂದಿನ ಇಂಥ ರೋಗವೆಂದು ತಿದ್ದಬಾರದು. ದಾಖಲೆಯ ಮಾತು ಒಂದು ಕಡೆ, ಮನೆಯವರ ನೆನಪು ಒಂದು ಕಡೆ, ನಮ್ಮ ಊಹೆ ಒಂದು ಕಡೆ ಇರಲಿ. ಮುಂದೆ ಓದುವವರಿಗೆ ಯಾವುದು ಯಾವುದೆಂದು ತಿಳಿಯಬೇಕು.

ಇತ್ತೀಚಿನ ಎರಡು ಮೂರು ತಲೆಮಾರಿನ ವಿಷಯದಲ್ಲಿ ಈ ಬರಹ ಬದುಕಿರುವವರಿಗೂ ನೆರವಾಗುತ್ತದೆ. ಅಜ್ಜನಿಗೆ ಸಕ್ಕರೆ ಕಾಯಿಲೆ ಇತ್ತೆ, ಚಿಕ್ಕಮ್ಮನಿಗೆ ಸ್ತನದ ಕ್ಯಾನ್ಸರ್ ಎಷ್ಟನೆಯ ವಯಸ್ಸಿನಲ್ಲಿ ಬಂತು, ದೊಡ್ಡಪ್ಪ ನಲವತ್ತೈದಕ್ಕೇ ಹೃದಯದ ಬೇನೆಯಿಂದ ಹೋದದ್ದು ನಿಜವೆ ಎಂದು ವೈದ್ಯರು ಕೇಳಿದಾಗ, ನಮ್ಮಲ್ಲಿ ಎಷ್ಟು ಜನ ನಿಶ್ಚಯವಾಗಿ ಉತ್ತರಿಸಬಲ್ಲರು?

ಧರ್ಮಕೇಂದ್ರದ ಹಳೆಯ ಪುಸ್ತಕಗಳನ್ನು ನೋಡಬೇಕೆನ್ನುವವರು ಗುರುಗಳ ಅನುಮತಿ ಪಡೆದು, ಅವರು ಹೇಳಿದ ವೇಳೆಗೆ ಹೋಗಿ, ಶತಮಾನದ ಕಾಗದವನ್ನು ನಿಧಾನವಾಗಿ ತಿರುವಬೇಕು. ತಮ್ಮ ಮನೆತನದ ಸಾಲನ್ನು ಕಂಡೊಡನೆ ಪುಸ್ತಕ ಮುಚ್ಚದೆ ಆ ವರ್ಷದ ಪುಟಗಳನ್ನೆಲ್ಲ ಓದಬೇಕು. ಪಕ್ಕದ ಮನೆಯ ಸಾವುಗಳು ನಮ್ಮ ಮನೆಯ ಸಾವನ್ನು ವಿವರಿಸುತ್ತವೆ. ನೂರು ವರ್ಷಗಳಿಂದ ಒಬ್ಬ ಸೊಸೆಯ ಮೇಲೆ ಹೊರಿಸಿದ್ದ ಅಪವಾದವೊಂದು ಅಲ್ಲಿ ಕಳಚಿ ಬಿದ್ದರೆ, ಈ ವರ್ಷದ ಪೂಜೆಯ ಪಟ್ಟಿಯಲ್ಲಿ ಅವಳ ಹೆಸರನ್ನೂ ಮರೆಯದೆ ಸೇರಿಸಬೇಕು.